ನಿಕೊಲಾನ ದಿನದ ಸಭೆ

ಯಾರೂ ಕೂರದ ಕುರ್ಚಿಗಳನ್ನು ಇಸ್ಕ್ರಾ ಮತ್ತೊಮ್ಮೆ ಸರಿಮಾಡಿದಳು. ಮೊದಲು ಸಾಲಾಗಿ ಇಟ್ಟಿದ್ದಳು. ತರಗತಿಯ ಹಾಗೆ ಕಾಣುತ್ತದೆಂದು ಅರ್ಧ ಸುತ್ತಿಗೆ ತಿರುಗಿಸಿದಳು. ಅರ್ಧ ಸುತ್ತಿನಲ್ಲಿ ಅವು ಖಾಲಿ ಇರುವುದು ಇನ್ನಷ್ಟು ಎದ್ದು ಕಂಡದ್ದರಿಂದ ಮತ್ತೆ ಸಾಲಿಗೇ ತಂದಳು. ಡಿಪೋ ಬಡಾವಣೆಯ ಸಭಾಗೃಹದ ಮೂಲೆಯಲ್ಲಿ ಹೀಟರು ತನ್ನ ಪಾಡಿಗೆ ತಾನು ಗೊರಗುಟ್ಟುತ್ತಿತ್ತು. ಬಂದವರಿಗೆ ಕೊಡಲೆಂದು ತಂದ ಕಾಫಿಪುಡಿಯ ಪೊಟ್ಟಣಗಳು, ಮಿಠಾಯಿ ಡಬ್ಬಿಗಳು ಒಡೆಯದೆ ಮೇಜಿನ ಮೇಲೆ ಕೂತಿದ್ದವು. ಗೋಡೆಗೆ ಅಂಟಿಸಿದ ದೊಡ್ಡ ನಕ್ಷೆಯ ನಡುವೆ ರೈಲುಹಳಿ ಕಪ್ಪಗೆ ಹಾದುಹೋಗಿತ್ತು. ಹಳಿಯ ಈಚೆ ಡಿಪೋ, ರೈಲ್ವೆಯವರು ಒಂದು ಕಾಲದಲ್ಲಿ ಕಟ್ಟಿಕೊಂಡ ತಗ್ಗು ಮನೆಗಳು. ಆಚೆ ಶಾಲೆ, ಆಸ್ಪತ್ರೆ, ಸಂತೆ, ಸ್ಮಶಾನ, ಅಂದರೆ ಬದುಕುವುದಕ್ಕೂ ಸಾಯುವುದಕ್ಕೂ ಬೇಕಾದ್ದೆಲ್ಲ. ಎರಡರ ನಡುವೆ ಹಳಿಗಳ ಮೇಲೆ ಜನ ತಾವೇ ಹಲಗೆ ಹಾಸಿಕೊಂಡು ಮಾಡಿದ ದಾರಿಯೊಂದಿತ್ತು, ಆದರೆ ಅದು ನಕ್ಷೆಯಲ್ಲಿ ಇರಲಿಲ್ಲ. ಊರಿನ ಮುಂದಿನ ಹತ್ತು ವರ್ಷದ ಯೋಜನೆಯಲ್ಲಿ ಹಳಿಯುದ್ದಕ್ಕೂ ಬೇಲಿ ಬರುವುದಿತ್ತು, ದಾಟಬೇಕಾದವರು ದೂರದ ಸೇತುವೆ ಸುತ್ತಿ ಹೋಗಬೇಕಿತ್ತು. ಬೇಲಿಗೆ ಮುಂಚೆ ಬಡಾವಣೆಯವರ ಮಾತು ಕೇಳಬೇಕೆಂದು ನಿಯಮ. ಕೇಳುವ ಕೆಲಸವನ್ನು ಯೋಜನೆಯವರು ವಿಶ್ವವಿದ್ಯಾಲಯಕ್ಕೆ ದಾಟಿಸಿದ್ದರು, ವಿಶ್ವವಿದ್ಯಾಲಯ ಪ್ರೊಫೆಸರ್ ತೊಶಿಚ್ ಅವರಿಗೆ, ತೊಶಿಚ್ ಅವರು ಇಸ್ಕ್ರಾಗೆ.

ಪದವಿ, ಸ್ನಾತಕೋತ್ತರ ಎರಡನ್ನೂ ಒಂದೇ ಉಸಿರಿಗೆ ಓದಿಸುವ ಐದು ವರ್ಷದ ಕೋರ್ಸು ಅವಳದು: ನಗರ ಸಮಾಜಶಾಸ್ತ್ರ ಮತ್ತು ನಗರ ಯೋಜನೆ. ನಡುವೆ ಇಳಿದುಕೊಂಡರೆ ಕೈಗೆ ಚೂರು ಕಾಗದವೂ ಸಿಗುವುದಿಲ್ಲ. ಮೊದಲ ವರ್ಷಗಳಲ್ಲಿ ಊರನ್ನು ನೋಡುವುದು ಕಲಿಸುತ್ತಾರೆ, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ, ಯಾರ ಕಿಟಕಿ ಯಾರ ಅಂಗಳವನ್ನು ಕಾಯುತ್ತದೆ. ಕೊನೆಯ ವರ್ಷ, ಊರಿಗೆ ಏನಾಗಬೇಕೆಂದು ಹೇಳುವುದು. ನೋಡುವ ವರ್ಷಗಳಿಂದ ಹೇಳುವ ವರ್ಷಕ್ಕೆ ಹೋಗಬೇಕಾದರೆ ಒಂದು ಸಾರ್ವಜನಿಕ ಸಭೆ ನಡೆಸಿ ತೋರಿಸಬೇಕು. ಇಸ್ಕ್ರಾಗೆ ಬೇಕಾಗಿದ್ದದ್ದು ಆ ಕೊನೆಯ ವರ್ಷವೇ. ನಾಲ್ಕು ವರ್ಷ ನೋಡಿ ನೋಡಿ ಅವಳ ಕಣ್ಣು ಸೋತಿತ್ತು. ಬಾಯಿ ಬಿಡುವುದಕ್ಕೆ ಅವಳು ಕಾಯುತ್ತಿದ್ದಳು, ಮತ್ತು ಬಾಯಿ ಬಿಡುವ ದಿನ ಎದುರಿಗೆ ಕೇಳುವವರೇ ಇರಲಿಲ್ಲ.

ತೊಶಿಚ್ ಬಂದಾಗ ಅವಳು ಕುರ್ಚಿ ಎಳೆಯುತ್ತಿದ್ದಳು, ಅವರು ನೋಡಿದರೆಂದು ಕಿವಿ ಬಿಸಿಯಾಯಿತು. ಅವರು ಕೋಟು ಬಿಚ್ಚಲಿಲ್ಲ. ಹೊಸ ಟೈ ಕಟ್ಟಿದ್ದರು, ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಬಾಟಲಿ ಇತ್ತು. ಖಾಲಿ ಸಾಲುಗಳ ಮೇಲೆ ಕಣ್ಣಾಡಿಸಿ ಸಮಾಧಾನದ ಮುಖ ಮಾಡಿದರು. ನಡಾವಳಿಯಲ್ಲಿ ಒಂದೇ ಸಾಲು ಸಾಕು ಅಂದರು, ನಿವಾಸಿಗಳು ಆಸಕ್ತಿ ತೋರಲಿಲ್ಲ ಅಂತ. ನಾಳೆ ಬೆಳಿಗ್ಗೆ ಅದು ಸಮಿತಿಯ ಮುಂದೆ ಹೋಗುತ್ತದೆ, ಬೇಲಿಗೆ ಒಪ್ಪಿಗೆ ಬೀಳುತ್ತದೆ, ಇಸ್ಕ್ರಾ ಸಭೆ ನಡೆಸಿದಳೆಂದು ಅವರು ಸಹಿ ಹಾಕುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಕಾಯೋಣ ಎಂದು ಅವಳು ಅಂದದ್ದಕ್ಕೆ ಅವರು ನಿಜವಾಗಿಯೂ ಆಶ್ಚರ್ಯಪಟ್ಟರು.

"ಇವತ್ತು ಯಾರಮ್ಮ ಬರ್ತಾರೆ? ಸಂತ ನಿಕೊಲಾ. ಊರಲ್ಲಿ ಅರ್ಧ ಜನ ಹಬ್ಬ ಮಾಡ್ತಿರ್ತಾರೆ, ಉಳಿದ ಅರ್ಧ ಅವರ ಮನೇಲಿ ಉಣ್ತಿರ್ತಾರೆ. ದಿನ ಆರಿಸಿದ್ದು ನೀನೇ ಅಲ್ವಾ? ಬೇಕಂತಲೇ ಇಟ್ಟಿದೀಯ, ಹುಡುಗಿ ಜಾಣೆ ಅಂದ್ಕೊಂಡಿದ್ದೆ."

ಅವರು ಹೋದ ಮೇಲೂ ಆ ಮಾತು ಹೋಗಲಿಲ್ಲ. ದಡ್ಡಿ ಅಂದಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ತಪ್ಪನ್ನು ಜಾಣತನ ಎಂದು ಓದಿದರಲ್ಲ, ಒಬ್ಬರೂ ಬರಬಾರದ ದಿನವನ್ನು ಹುಡುಕಿ ಇಟ್ಟವಳು ಎಂದು ಮೆಚ್ಚಿದರಲ್ಲ, ಅದು ಚುಚ್ಚಿತು. ಕಿಟಕಿಯ ಆಚೆ ಒಂದು ಇಡೀ ಸಂಸಾರ ಕೇಕಿನ ಪೆಟ್ಟಿಗೆ ಹಿಡಿದು ಹೋಯಿತು, ಅದರ ಹಿಂದೆ ಇನ್ನೊಂದು. ಡಿಪೋದಲ್ಲಿ ಸುಮಾರು ಮನೆಗಳಿಗೆ ನಿಕೊಲಾನೇ ಮನೆತನ ಕಾಯುವ ಮನೆಸಂತ. ಮನೆಸಂತನ ದಿನ ಮನೆಯವರು ಹೊಸ್ತಿಲು ದಾಟುವುದಿಲ್ಲ. ಬರುವವರನ್ನು ಕರೆಯುವುದೂ ಇಲ್ಲ, ಬಂದವರನ್ನು ಯಾಕೆ ಬಂದಿರಿ ಅನ್ನುವುದೂ ಇಲ್ಲ. ಈ ಊರಿನ ಮಗುವಿಗೂ ಗೊತ್ತಿರುವ ವಿಷಯ. ಅವಳಿಗೆ ಮಾತ್ರ ಹೇಗೆ ಮರೆಯಿತು? ಹತ್ತೊಂಬತ್ತನೇ ತಾರೀಖು, ಗುರುವಾರ, ಸಭಾಗೃಹ ಖಾಲಿ ಇದೆ ಎಂದು ಫೋನಿನಲ್ಲಿ ಹೇಳಿದಾಗ ಒಳ್ಳೆಯದಾಯಿತು ಅಂದಿದ್ದಳು. ಖಾಲಿ ಯಾಕೆ ಇದೆ ಎಂದು ಕೇಳಿರಲಿಲ್ಲ.

ಮರೆತದ್ದಲ್ಲ. ಅವಳ ಪಾಲಿಗೆ ಆ ದಿನವೇ ಇಲ್ಲವಾಗಿತ್ತು. ಅವಳ ಮನೆಯ ಸಂತನೂ ನಿಕೊಲಾನೇ. ಅಪ್ಪ ಬ್ಲಾಗೊಯೆ ಬದುಕಿದ್ದಾಗ ಬೆಳಗಿನಿಂದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿರುತ್ತಿದ್ದ, ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಡುವಾಗಿನ ಹಾಗೆಯೇ ಎದೆ ಮುಂದೆ ಮಾಡಿಕೊಂಡು. ದುಂಡನೆಯ ಹಬ್ಬದ ರೊಟ್ಟಿ ಕುಯ್ಯುವಾಗ ಅದನ್ನು ಮೂರು ಸುತ್ತು ತಿರುಗಿಸಿ, ವೈನು ಹನಿಸಿ, ಇವಳತ್ತ ಕಣ್ಣು ಮಿಟುಕಿಸುತ್ತಿದ್ದ. ಅವನು ಹೋದದ್ದು ಅವಳ ಮೊದಲನೆಯ ವರ್ಷದ ಕೊನೆಗೆ. ಆ ಚಳಿಗಾಲ ಅವಳು ಒಂದು ಪ್ರಬಂಧ ಬರೆಯುತ್ತಿದ್ದಳು. ಮನೆಸಂತ ತಂದೆಯಿಂದ ಮಗನಿಗೆ ಹೋಗುತ್ತಾನೆ, ಮಗಳಿಗೆ ಹೋಗುವುದಿಲ್ಲ, ಗಂಡುದಿಕ್ಕಿಲ್ಲದ ಮನೆಯಲ್ಲಿ ಮೋಂಬತ್ತಿ ಆರುತ್ತದೆ, ಹೀಗೆ ಹಬ್ಬವೆಂಬುದು ಆಸ್ತಿ ಹಂಚುವ ಇನ್ನೊಂದು ಬಗೆ ಎಂದು. ಅಡುಗೆಮನೆಯ ಮೇಜಿನ ಮೇಲೆ ಅದನ್ನು ಜೋರಾಗಿ ಓದಿ ಸರಿಮಾಡುತ್ತಿದ್ದಾಗ ಅಮ್ಮ ಬಟಾಣಿ ಬಿಡಿಸುತ್ತ ಕೇಳಿಸಿಕೊಂಡಿದ್ದಳು. ಹಾಗಾದರೆ ಈ ವರ್ಷದಿಂದ ನಾವು ಮಾಡುವ ಹಾಗಿಲ್ಲವಾ ಅಂತ ಕೇಳಿದ್ದಳು. ರೊಟ್ಟಿ ಯಾರು ಕುಯ್ತಾರೆ, ಬಿಡಮ್ಮ ಅಂದಿದ್ದಳು ಇಸ್ಕ್ರಾ, ಕಾಗದದಿಂದ ತಲೆ ಎತ್ತದೆ. ನೀನು ಓದಿದವಳು, ನಿಂಗೆ ಗೊತ್ತಿರುತ್ತೆ ಅಂದಳು ಅಮ್ಮ, ಅಷ್ಟೇ. ಸಂತನ ಪಟ ಬೀರುವಿನೊಳಗೆ ಹೋಯಿತು. ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತು, ತೊಶಿಚ್ ಅದನ್ನು ಎಲ್ಲರೆದುರು ಹೊಗಳಿದರು, ಮತ್ತು ಅವಳಿಗೆ ಆವತ್ತು ಖುಷಿಯೇ ಆಗಿತ್ತು. ಈಗ ಆ ಖುಷಿಯ ನೆನಪು ನಾಚಿಕೆ ತಂದಿತು.

ಬೆನ್ನ ಹಿಂದೆ ಹೀಟರು ನಿಂತುಹೋಯಿತು. ಆ ಒಂದು ಸಾಲನ್ನು ಬರೆಯಲು ಅವಳು ಪೆನ್ನು ತೆಗೆದಳು, ಇಟ್ಟಳು. ಆಸಕ್ತಿ ತೋರಲಿಲ್ಲ. ಅದು ಸುಳ್ಳು. ಸುಳ್ಳು ಎಂದು ಅವಳಿಗೆ ಗೊತ್ತು, ಅವರಿಗೂ ಗೊತ್ತು, ನಾಳೆ ಓದುವ ಸಮಿತಿಗೂ ಗೊತ್ತಿರುತ್ತದೆ, ಯಾಕೆಂದರೆ ಅವರೂ ಇವತ್ತು ಎಲ್ಲೋ ಹಬ್ಬದ ಮೀನು ತಿನ್ನುತ್ತಿರುತ್ತಾರೆ. ಗೊತ್ತಿದ್ದವರೆಲ್ಲ ಸೇರಿ ಒಪ್ಪಿಕೊಂಡ ಸುಳ್ಳಿನ ಮೇಲೆ ಬೇಲಿ ಏಳುತ್ತದೆ. ಅವಳು ನಕ್ಷೆಯನ್ನು ಗೋಡೆಯಿಂದ ಕಿತ್ತು ಸುರುಳಿ ಸುತ್ತಿದಳು, ಒಂದು ಮೂಲೆ ಹರಿಯಿತು. ಕಾಫಿ ಪೊಟ್ಟಣಗಳನ್ನೂ ಮಿಠಾಯಿ ಡಬ್ಬಿಗಳನ್ನೂ ಚೀಲಕ್ಕೆ ತುಂಬಿದಳು, ಬರಿಗೈಯಲ್ಲಿ ಹಬ್ಬದ ಮನೆಗೆ ಹೋಗುವಂತಿಲ್ಲ. ಕರೆಯದೆ ಹೋಗಬಹುದಾದ ದಿನ ವರ್ಷಕ್ಕೊಂದೇ. ಅವರು ಬರಲಾರರು, ಸರಿ, ತಾನು ಹೋಗಬಹುದು.

ಮೊದಲನೆಯ ಮನೆಯ ಬಾಗಿಲು ತೆರೆದೇ ಇತ್ತು, ಮೆಣಸಿನಕಾಯಿ ಉಪ್ಪಿನಕಾಯಿಯ ಮತ್ತು ಕರಿದ ಮೀನಿನ ವಾಸನೆ ಬೀದಿಗೆ ಬರುತ್ತಿತ್ತು. ಯಾರೋ ಅವಳ ಕೋಟು ತೆಗೆದುಕೊಂಡರು, ಯಾರೋ ಬೇಯಿಸಿದ ಗೋಧಿಯ ಬಟ್ಟಲು ಮುಂದೆ ಹಿಡಿದರು. ಅವಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿ ಒಂದು ಚಮಚ ತಿಂದಳು, ಚಮಚವನ್ನು ನೀರಿನ ಲೋಟದಲ್ಲಿ ಇಟ್ಟಳು. ಮೂರು ವರ್ಷದಿಂದ ತಿಂದಿರಲಿಲ್ಲ, ಆಕ್ರೋಡು ಸಕ್ಕರೆಯ ರುಚಿಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಮನೆಯಾಕೆ ಅವಳನ್ನು ಮೇಲಿಂದ ಕೆಳಗೆ ನೋಡಿ, ಮೇಜಿನ ಕೊನೆಯಲ್ಲಿ ಕೂತ ಮಗನತ್ತ ನೋಡಿ, ನಿನ್ನ ಹುಡುಗಿ ಬರ್ತಾಳೆ ಅಂತ ಮೊದಲೇ ಹೇಳಬಾರದಿತ್ತೇನೋ ಎಂದು ಅವನ ಬೆನ್ನಿಗೆ ಗುದ್ದಿದಳು. ಹುಡುಗ ಕೆಂಪಾದ. ಮೇಜಿನ ಸುತ್ತ ಎಲ್ಲರೂ ಸರಿದು ಅವನ ಪಕ್ಕದಲ್ಲೇ ಅವಳಿಗೆ ಜಾಗ ಮಾಡಿದರು. ಅವಳು ನಾನು ಅವಳಲ್ಲ ಎಂದು ಹೇಳಬೇಕಿತ್ತು, ನಕ್ಷೆ ಬಿಚ್ಚಬೇಕಿತ್ತು. ಬದಲಿಗೆ ತಟ್ಟೆಯಲ್ಲಿದ್ದ ಮೀನನ್ನು ಮುಳ್ಳು ಸಹ ಬಿಡದೆ ತಿಂದು, ಸುರುಳಿಯನ್ನು ಮೊಣಕಾಲುಗಳ ನಡುವೆ ಒತ್ತಿಹಿಡಿದು ಕೂತಳು. ಯಾವ ಬೀದಿಯವಳು, ಏನು ಓದುತ್ತಿ ಎಂದು ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಹೊರಗೆ ಬಂದಾಗ ಚೀಲದಲ್ಲಿ ಒಂದು ಕಾಫಿ ಪೊಟ್ಟಣ ಕಡಿಮೆಯಾಗಿತ್ತು, ನಕ್ಷೆ ಹಾಗೆಯೇ ಬೋಳಾಗಿತ್ತು. ನಾಲ್ಕು ವರ್ಷ ಓದಿದ್ದು ಮೀನು ತಿನ್ನುವುದಕ್ಕಾ ಎಂದು ತನ್ನನ್ನೇ ಬೈದುಕೊಂಡಳು.

ಆ ಸಿಟ್ಟಿನಲ್ಲೇ ಎರಡನೆಯ ಮನೆಗೆ ನುಗ್ಗಿದಳು. ಗೋಧಿಯ ಬಟ್ಟಲು ಬರುವ ಮೊದಲೇ, ನಾನು ಹಬ್ಬಕ್ಕೆ ಬಂದವಳಲ್ಲ, ಕೆಲಸದ ಮೇಲೆ ಬಂದೆ ಅಂದುಬಿಟ್ಟಳು. ಮನೆಯ ಯಜಮಾನ ಸ್ರೆತೆನ್, ಬೋಳುತಲೆಯ ದಪ್ಪನೆಯ ಮನುಷ್ಯ, ಬಾಟಲಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

"ಕೆಲಸದ ಮೇಲೆ ಬರೋ ಹಾಗಿದ್ರೆ ನಾಳೆ ಬಾರಮ್ಮ. ಇವತ್ತು ಈ ಮನೇಲಿ ಅದಕ್ಕೆಲ್ಲ ಜಾಗ ಇಲ್ಲ."

ನಾಳೆ ಬೆಳಿಗ್ಗೆಯೇ ತೀರ್ಮಾನ ಅಂದಳು ಅವಳು. ಹಳಿಯ ಮೇಲಿನ ದಾರಿ ಮುಚ್ಚುತ್ತಾರೆ. ನಿಮ್ಮ ಮಾತು ಕೇಳಲು ಸಭೆ ಇಟ್ಟಿದ್ದೆ, ಇವತ್ತೇ, ಈಗಲೇ, ಅಲ್ಲಿ ಸಭಾಗೃಹದಲ್ಲಿ. ಯಾರೂ ಬರಲಿಲ್ಲ. ನಿಮ್ಮದಲ್ಲ, ನನ್ನ ತಪ್ಪು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ, ಆಮೇಲೆ ಇಡೀ ಮನೆ ನಕ್ಕಿತು. ನಿಕೊಲಾನ ದಿನ ಸಭೆ ಇಟ್ಟವಳಂತೆ, ಡಿಪೋದಲ್ಲಿ. ಒಬ್ಬ ಮೇಜು ಗುದ್ದಿ ನಕ್ಕ, ಅಡುಗೆಮನೆಯಿಂದ ಹೆಂಗಸರು ಇಣುಕಿ ಏನು ಎಂದು ಕೇಳಿ ಅವರೂ ಶುರುಮಾಡಿದರು. ಇಸ್ಕ್ರಾ ಕಾಲು ಅಲ್ಲಾಡಿಸದೆ ನಿಂತಳು. ನಗಲಿ, ನಕ್ಕು ಮುಗಿಯುವವರೆಗೆ ನಿಲ್ಲುತ್ತೇನೆ ಎಂದುಕೊಂಡಳು. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಸ್ರೆತೆನ್‌ನ ತಾಯಿ, ಹಲ್ಲಿಲ್ಲದ ಅಜ್ಜಿ, ಮಾತ್ರ ನಗಲಿಲ್ಲ.

"ನಿಮ್ಮನೇಲಿ ಯಾವ ಸಂತನೇ ಮಗಳೇ? ಇವತ್ತಿನ ದಿನ ಮರೆಯೋಕೆ?"

"ನಿಕೊಲಾನೇ ಅಜ್ಜಿ. ಅಪ್ಪ ಹೋದ್ಮೇಲೆ ಮಾಡ್ತಿಲ್ಲ."

ನಗು ತಾನಾಗಿಯೇ ಇಳಿಯಿತು. ಅಜ್ಜಿ ಅಯ್ಯೋ ಅನ್ನಲಿಲ್ಲ, ಬುದ್ಧಿ ಹೇಳಲಿಲ್ಲ. ಮೀನಿನ ತಟ್ಟೆ ಆಚೆ ಇಡು, ಆ ಕಾಗದ ಇಲ್ಲಿ ಹಾಸು ಅಂದಳು ಮಗನಿಗೆ. ಸ್ರೆತೆನ್ ಸ್ವಲ್ಪ ಹೊತ್ತು ತನ್ನ ಹಬ್ಬದ ಮೇಜನ್ನೇ ನೋಡಿದ, ಆಮೇಲೆ ತಟ್ಟೆಗಳನ್ನು ಒತ್ತರಿಸಿದ. ಇಸ್ಕ್ರಾ ನಕ್ಷೆ ಹಾಸಿ ಮೂಲೆಗಳಿಗೆ ಲೋಟಗಳನ್ನು ಇಟ್ಟಳು. ದಿನಾ ನೀವು ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ, ಒಂದು ಗೆರೆ ಎಳೆಯಿರಿ ಸಾಕು ಅಂದಳು. ಅಜ್ಜಿ ತನ್ನ ಮನೆಯಿಂದ ನಡುಗುವ ಗೆರೆ ಎಳೆದು ಹಳಿ ದಾಟಿಸಿ ಸ್ಮಶಾನದ ಗೇಟಿನಲ್ಲಿ ನಿಲ್ಲಿಸಿದಳು, ಶನಿವಾರ ಶನಿವಾರ ಅಂದಳು. ಸೊಸೆ ಆಸ್ಪತ್ರೆಗೆ ಎಳೆದಳು. ಗೆರೆ ಎಳೆಯುತ್ತಲೇ ಜಗಳವೂ ಹುಟ್ಟಿತು. ಒಬ್ಬನಿಗೆ ಬೇಲಿ ಬರಲಿ ಅನ್ನಿಸಿತ್ತು, ತನ್ನ ಮೊಮ್ಮಗಳು ಹೆಡ್‌ಫೋನ್ ಹಾಕಿಕೊಂಡು ಹಳಿ ದಾಟುವುದನ್ನು ನೋಡಿ ಅವನ ಎದೆ ಒಡೆದಿತ್ತಂತೆ. ಅವನ ಮಾತನ್ನೂ ಅವಳು ಅಂಚಿನಲ್ಲಿ ಹಾಗೆಯೇ ಬರೆದುಕೊಂಡಳು. ಬೇಲಿ ಬೇಕು ಅಂದವನ ಗೆರೆಯೂ ಹಳಿ ದಾಟಿಯೇ ಹೋಯಿತು.

ಅಲ್ಲಿಂದ ಮುಂದೆ ಸುದ್ದಿ ಅವಳಿಗಿಂತ ಮುಂಚೆ ನಡೆಯಿತು. ಹೊಸ ಮನೆಯ ಬಾಗಿಲಿಗೆ ಹೋದರೆ, ಸಭೆಯವಳು ಬಂದಳು ಎಂದು ಒಳಗಿನಿಂದ ಕೂಗು. ಮೊದಲನೆಯ ಮನೆಯವರೇ ಅವಳನ್ನು ದಾರಿಯಲ್ಲಿ ಹಿಡಿದು ವಾಪಸು ಕರೆದೊಯ್ದರು. ತನ್ನ ಪಾಲಿಗೆ ಬಂದಿದ್ದ ಹುಡುಗಿ ಕೈತಪ್ಪಿದ ಬೇಸರದಲ್ಲೇ ಆ ಹುಡುಗ ಗೆರೆ ಎಳೆದ. ನಕ್ಷೆಯ ಮೇಲೆ ಎಣ್ಣೆಯ ಕಲೆ ಬಿತ್ತು, ವೈನಿನ ಲೋಟದ ಬಳೆಗಳು ಬಿದ್ದವು. ಪ್ರತಿ ಮನೆಯಲ್ಲೂ ಒಂದು ಚಮಚ ಗೋಧಿ, ಒಂದು ಗುಟುಕು ಹಣ್ಣಿನ ಮದ್ಯ ರಾಕಿಯಾ, ಬೇಡ ಅಂದರೆ ಬಿಡುವವರಿಲ್ಲ. ತಲೆ ಹಗುರಾಗಿತ್ತು, ಕಾಲು ಗಟ್ಟಿಯಾಗಿತ್ತು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ನಡುವೆ, ಯಾರದೋ ಅಂಗಳದ ಕಲ್ಲುಕಟ್ಟೆಯ ಮೇಲೆ ಕೂತು, ಯಾಕೆಂದು ತಿಳಿಯದೆಯೇ ಅಮ್ಮನಿಗೆ ಫೋನು ಮಾಡಿದಳು. ಸಭೆ ಹೇಗಾಯಿತು ಎಂದಳು ಅಮ್ಮ. ನಡೀತಾ ಇದೆ, ಹಬ್ಬದ ಮನೆಗಳಲ್ಲಿ ನಡೀತಾ ಇದೆ ಅಂದಳು. ಹಾಗಾದರೆ ಗೋಧಿ ತಿಂದಿಯಾ ಎಂದಳು ಅಮ್ಮ. ತಿಂದೆ, ನೀನು ಏನು ತಿಂದೆ ಅಂತ ಕೇಳಿದಳು ಇಸ್ಕ್ರಾ.

"ನಾನೂ ಅದೇ. ಪ್ರತಿ ವರ್ಷ ಈ ದಿನ ಒಂದು ಬಟ್ಟಲು ಬೇಯಿಸ್ಕೋತೀನಿ, ಬೆಳಿಗ್ಗೆ ನೀನು ಕಾಲೇಜಿಗೆ ಹೊರಟ್ಮೇಲೆ. ನಿಂಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ."

ಇಸ್ಕ್ರಾ ಫೋನು ಕಿವಿಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮೂರು ವರ್ಷ ಒಂದೇ ಮನೆಯಲ್ಲಿದ್ದು, ಜನ ಎಲ್ಲಿ ಕೂರುತ್ತಾರೆ ಎಲ್ಲಿ ಏಳುತ್ತಾರೆ ಎಂದು ಊರೆಲ್ಲ ಬರೆದುಕೊಂಡು ಬಂದು, ತನ್ನ ತಾಯಿ ಒಬ್ಬಳೇ ಬಟ್ಟಲು ಮುಂದಿಟ್ಟುಕೊಂಡು ಕೂರುವುದನ್ನು ಅವಳು ನೋಡಿರಲಿಲ್ಲ. ಅಮ್ಮ ಬಾಗಿಲು ತೆರೆದಿಟ್ಟಿದ್ದಳೋ, ಹಾಕಿಕೊಂಡಿದ್ದಳೋ. ಕೇಳಲು ಧೈರ್ಯ ಬರಲಿಲ್ಲ. ಅತ್ತಳು, ಬೀದಿಯಲ್ಲೇ, ಹೋಗುವವರು ನೋಡಿದರೆ ನೋಡಲಿ ಎಂದು. ಅತ್ತಾದ ಮೇಲೆ ಆ ಒಂದು ಸಾಲನ್ನು ತಾನು ಎಂದೂ ಬರೆಯುವುದಿಲ್ಲವೆಂಬುದು ಅವಳಿಗೆ ಸ್ಪಷ್ಟವಾಗಿತ್ತು. ಬರೆಯದಿದ್ದರೆ ತೊಶಿಚ್ ಸಹಿ ಹಾಕದೆ ಹೋಗಬಹುದು, ಕೊನೆಯ ವರ್ಷ ಕೈತಪ್ಪಬಹುದು, ನಾಲ್ಕು ವರ್ಷವೂ ಹೋಗಬಹುದು. ಹೋಗಲಿ ಎಂದು ಅನ್ನಿಸಲಿಲ್ಲ. ಅದೂ ಬೇಕು, ಇದೂ ಬೇಕು ಅನ್ನಿಸಿತು. ಎರಡನ್ನೂ ಬಿಡುವುದಿಲ್ಲ ಎಂದುಕೊಂಡೇ ಎದ್ದಳು.

ಬೀದಿಯ ತಿರುವಿನ ಮನೆ ಹಲ್ಲಿನ ಡಾಕ್ಟರ್ ವುಕಾಶಿನ್ ಅವರದು. ಅವಳು ಒಳಗೆ ಕಾಲಿಟ್ಟಾಗ ಮೇಜಿನ ತಲೆಯಲ್ಲಿ, ಮನೆಯ ಯಜಮಾನನ ಬಲಗಡೆ, ಹೊಸ ಟೈಯನ್ನು ಭುಜದ ಮೇಲೆ ಹಾಕಿಕೊಂಡು ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದವರು ಪ್ರೊಫೆಸರ್ ತೊಶಿಚ್. ವುಕಾಶಿನ್‌ರ ಮದುವೆಗೆ ಸಾಕ್ಷಿ ನಿಂತವರಂತೆ, ಅಂದರೆ ಈ ಮನೆಯಲ್ಲಿ ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಅವರು ಇವಳನ್ನು ನೋಡಿ ಬಾಯಿ ಒರೆಸಿಕೊಂಡರು. ಹೆದರಿಕೆಯೇನೋ ಆಯಿತು ಅವಳಿಗೆ, ಆದರೆ ಹಿಂದಿನಿಂದ ಯಾರೋ ಸಭೆಯವಳು ಬಂದಳು ಎಂದು ಕೂಗಿಯಾಗಿತ್ತು, ಡಾಕ್ಟರ ಹೆಂಡತಿ ಗೋಧಿಯ ಬಟ್ಟಲು ತಂದಾಗಿತ್ತು, ನೆರೆಯವರು ತಟ್ಟೆಗಳನ್ನು ತಾವೇ ಸರಿಸತೊಡಗಿದ್ದರು. ನಕ್ಷೆ ತೊಶಿಚ್‌ರ ಮುಂದೆಯೇ ಹಾಸಿಕೊಂಡಿತು. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ತುಂಬ ಹೊತ್ತು ನೋಡಿದರು. ಗೆರೆಗಳೆಲ್ಲ ಬೇರೆ ಬೇರೆ ಕಡೆಯಿಂದ ಬಂದು, ನಕ್ಷೆಯಲ್ಲಿ ಇಲ್ಲದ ಆ ಒಂದು ಜಾಗದಲ್ಲಿ ಸೇರಿ, ಮತ್ತೆ ಬೇರೆ ಬೇರೆ ಕಡೆ ಹೋಗಿದ್ದವು.

"ಚೆನ್ನಾಗಿದೆ," ಅಂದರು, ಮತ್ತು ಅದು ಸುಳ್ಳು ಹೊಗಳಿಕೆ ಆಗಿರಲಿಲ್ಲ. "ಆದ್ರೆ ಇದು ಸಭೆ ಅಲ್ಲ ಇಸ್ಕ್ರಾ. ಊಟದ ಮನೆ. ಸಮಿತಿಯವರು ನಗ್ತಾರೆ."

"ಎರಡನೇ ಮನೇಲಿ ಆಗ್ಲೇ ನಕ್ಕಾಯ್ತು ಸರ್. ಸಭಾಗೃಹದ ಬಾಗಿಲಿಗೆ ನೋಟೀಸ್ ಅಂಟಿಸಿ ಕರೆದೆ, ಒಬ್ರೂ ಬರ್ಲಿಲ್ಲ. ಇಲ್ಲಿ ಯಾರನ್ನೂ ಕರ್ದಿಲ್ಲ, ಬಾಗಿಲು ಬೆಳಿಗ್ಗೆಯಿಂದ ಹಾಕಿಲ್ಲ, ಬಂದವ್ರನ್ನ ಯಾರೂ ವಾಪಸ್ ಕಳಿಸಿಲ್ಲ. ಸಾರ್ವಜನಿಕ ಸಭೆ ಅಂದ್ರೆ ಇನ್ನೇನು?"

ಡಾಕ್ಟರು ಲೋಟ ತುಂಬಿಸುವ ನೆಪದಲ್ಲಿ ಬಾಟಲಿಯ ಹಿಂದೆ ಮುಖ ಮರೆಸಿಕೊಂಡರು. ತೊಶಿಚ್ ನಗಲಿಲ್ಲ. ಕನ್ನಡಕ ತೆಗೆದು, ದನಿ ತಗ್ಗಿಸಿ, ಮೇಜಿನ ಸುತ್ತ ಮಿಕ್ಕವರಿಗೆ ಕೇಳಿಸದ ಹಾಗೆ ಮಾತಾಡಿದರು. ಬೇಲಿ ಹಾಕುವವರು ದುಷ್ಟರಲ್ಲ ಅಂದರು.

"ಒಂದು ದಿನ ಆ ಹಲಗೆ ಮೇಲೆ ಯಾರಾದ್ರೂ ಸಾಯ್ತಾರೆ. ಆವಾಗ ಈ ನಕ್ಷೆ ನಿನ್ನ ಹೆಸರಲ್ಲಿರುತ್ತೆ."

ಹೆಡ್‌ಫೋನ್ ಹಾಕಿದ ಆ ಮೊಮ್ಮಗಳು ಕಣ್ಣ ಮುಂದೆ ಬಂದಳು. ಅವರು ಹೇಳುವುದು ನಿಜ, ಮತ್ತು ನಿಜವನ್ನು ಅವರು ಹೆದರಿಸುವುದಕ್ಕೂ ಬಳಸುತ್ತಿದ್ದಾರೆ, ಎರಡೂ ಒಟ್ಟಿಗೇ. ನೋಡುವವಳಾಗಿ ಉಳಿದರೆ ಯಾವ ಸಾವೂ ತನ್ನ ಹೆಸರಿಗೆ ಬರುವುದಿಲ್ಲ. ಹೇಳುವವರ ಹೆಸರಿಗೇ ಬರುವುದು. ಇಷ್ಟು ವರ್ಷ ಹಂಬಲಿಸಿದ ಕೊನೆಯ ವರ್ಷ ಎಂದರೆ ಇದೇ ಇರಬೇಕು ಎನ್ನಿಸಿತು.

"ಗೇಟು ಹಾಕಿ, ದೀಪ ಹಾಕಿ, ಗಂಟೆ ಹಾಕಿ ಅಂತ ಬರೀತೀನಿ. ದಾರಿ ಮುಚ್ಚಿ ಅಂತ ಬರಿಯಲ್ಲ. ಹೆಸರು ನಂದೇ ಇರ್ಲಿ."

ಸುತ್ತಲಿನವರು ಊಟ ಮರೆತು ನೋಡುತ್ತಿದ್ದರು. ಇಸ್ಕ್ರಾ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ಅವರ ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ಸರ್, ನಿಮ್ಮ ಮನೆ ಹಳಿಯಾಚೆ. ಇವತ್ತು ಇಲ್ಲಿಗೆ ಯಾವ ದಾರೀಲಿ ಬಂದ್ರಿ?"

ಡಾಕ್ಟರ ಹೆಂಡತಿ ಬಾಯಿಗೆ ಸೆರಗಿನಂತೆ ಕೈವಸ್ತ್ರ ಅಡ್ಡ ಹಿಡಿದಳು. ತೊಶಿಚ್ ಮೊದಲು ಗೆಳೆಯನ ಮುಖ ನೋಡಿದರು, ಆಮೇಲೆ ನಕ್ಷೆಯ ಮೇಲೆ ತಮ್ಮ ಮನೆಯನ್ನು ಹುಡುಕಿದರು, ಸ್ಮಶಾನದ ಗೋಡೆಯ ಪಕ್ಕ. ಕುಡಿಯೋ ದಿನ ನಾನು ಕಾರು ತರಲ್ಲ ಎಂದರು, ಯಾರಿಗೆಂದಿಲ್ಲದೆ. ಪೆನ್ಸಿಲ್ ತೆಗೆದುಕೊಂಡು ನಿಧಾನವಾಗಿ ಗೆರೆ ಎಳೆದರು, ಮನೆಯಿಂದ ಹಳಿಗೆ, ಹಳಿಯಿಂದ ಇಲ್ಲಿಗೆ. ಅಷ್ಟೊಂದು ಗೆರೆ ಬಿದ್ದು ತೆಳ್ಳಗಾಗಿದ್ದ ಕಡೆ ಮೊನೆ ಕಾಗದ ತೂರಿ ಮೇಜುಬಟ್ಟೆಗೆ ತಾಗಿತು. ಪೆನ್ಸಿಲ್ ಕೆಳಗಿಟ್ಟು, ನಡಾವಳಿಯಲ್ಲಿ ಸಭೆ ಎಷ್ಟು ಹೊತ್ತಿಗೆ ಮುಗಿಯಿತೆಂದು ಬರೆಯುತ್ತೀ ಎಂದು ಕೇಳಿದರು.

ಮುಗಿದಿಲ್ಲ ಸರ್, ಆ ಕಡೆ ಬೀದಿಯ ಮನೆಗಳು ಇನ್ನೂ ಇವೆ ಅಂದಳು ಇಸ್ಕ್ರಾ, ಲೋಟಗಳನ್ನು ಮೂಲೆಗಳಿಂದ ಎತ್ತುತ್ತ.